ಕೈಕೊಟ್ಟ ಫ್ರಾಕನ್ನು ಸ್ಕರ್ಟ್ ಮಾಡುವುದು

ಮನೆಯಲ್ಲಿ ಹೊಲಿದ ಫ್ರಾಕು ಕೈಕೊಡುವುದು ಬಹುಮಟ್ಟಿಗೆ ಸೊಂಟದಿಂದ ಮೇಲೆ. ಶೋಲ್ಡರ್ ಜಾರುತ್ತದೆ, ಕಂಕುಳಲ್ಲಿ ಬಿಗಿಯುತ್ತದೆ, ಕುತ್ತಿಗೆ ಬಾಯಿ ಬಿಡುತ್ತದೆ, ಎದೆಯಲ್ಲಿರಬೇಕಾದ ಟಕ್ಸ್ (ಆಕಾರ ಕೂರಿಸಲು ಹಿಡಿದು ಹೊಲಿದ ಮಡಿಕೆ) ಪಕ್ಕೆಯಲ್ಲೆಲ್ಲೋ ಹೋಗಿ ಕೂತಿರುತ್ತದೆ. ಇದನ್ನೆಲ್ಲ ಸರಿಮಾಡಲು ಬಟ್ಟೆ ಬೇಕು. ಕತ್ತರಿಸಿ ಆದಮೇಲೆ ಆ ಬಟ್ಟೆ ಎಲ್ಲಿಂದ ತರುವುದು? ಹೊಲಿಗೆಯಾಚೆ ಅರ್ಧ ಇಂಚು ಮಾರ್ಜಿನ್ ಇದ್ದದ್ದನ್ನು ಬಿಚ್ಚಿ ಕಾಲಿಂಚಿಗೆ ಹೊಲಿದರೂ ಒಂದೊಂದು ಪಕ್ಕೆಯಲ್ಲಿ ಸಿಗುವುದು ಅರ್ಧರ್ಧ ಇಂಚು ಅಷ್ಟೆ. ಸೊಂಟದ ಕೆಳಗಿನ ಭಾಗ ಇಷ್ಟು ಹಟಮಾರಿಯಲ್ಲ. ಅದಕ್ಕೆ ಬೇಕಾದ ಅಳತೆ ಮೂರೇ: ಸೊಂಟ, ಹಿಪ್, ಉದ್ದ. ನೆರಿಗೆಯ ಫ್ರಾಕಾದರೆ ಹಿಪ್ಪಿನ ಚಿಂತೆಯೂ ಇಲ್ಲ.

ಹಾಗಾಗಿ ಮೇಲ್ಭಾಗದ ಜೊತೆ ಗುದ್ದಾಡುವುದನ್ನು ಬಿಟ್ಟು ಕೆಳಭಾಗವನ್ನು ಸ್ಕರ್ಟ್ ಮಾಡಿಕೊಳ್ಳುವುದೇ ಜಾಣತನ. ಆದರೆ ಮೇಲ್ಭಾಗವನ್ನು ಈಗಲೇ ಕತ್ತರಿಸಿ ಚಿಂದಿಯ ಚೀಲಕ್ಕೆ ಹಾಕಬೇಡಿ. ಸೊಂಟದ ಪಟ್ಟಿ, ಜೇಬು ಎರಡೂ ಅದರಿಂದಲೇ ಬರಬೇಕು. ಈ ಕೆಲಸದಲ್ಲಿ ಹೆಚ್ಚಿನವರು ಮಾಡುವ ಮೊದಲ ತಪ್ಪು, ಸೊಂಟದ ಹೊಲಿಗೆಯ ಮೇಲೇ ಕತ್ತರಿ ಓಡಿಸುವುದು. ಅಲ್ಲಿ ಕತ್ತರಿಸಿದರೆ ಪಟ್ಟಿಗೆ ಮಾರ್ಜಿನ್ ಉಳಿಯುವುದಿಲ್ಲ, ಉದ್ದದಲ್ಲೂ ಒಂದು ಇಂಚು ಹೋಗುತ್ತದೆ.

ಕತ್ತರಿ ಹಿಡಿಯುವ ಮೊದಲು

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೂರುವ ಜಾಗದಲ್ಲಿ ಎಳೆ ಸವೆದು ಜಾಲರಿಯಂತೆ ಕಂಡರೆ ಅದು ಸ್ಕರ್ಟಾದ ಮೇಲೂ ಅಲ್ಲೇ ಹರಿಯುತ್ತದೆ. ಅಂಥದ್ದಕ್ಕೆ ದಿಂಬಿನ ಚೀಲವೇ ಗತಿ. ಬಟ್ಟೆ ಗಟ್ಟಿಯಾಗಿದ್ದರೆ ಒಮ್ಮೆ ಒಗೆದು ಇಸ್ತ್ರಿ ಮಾಡಿ, ಆಮೇಲೆ ಅಳೆಯಿರಿ.

ಫ್ರಾಕನ್ನು ತೊಟ್ಟುಕೊಂಡೇ ಸೊಂಟಕ್ಕೆ, ನಿಮಗೆ ಸ್ಕರ್ಟ್ ಎಲ್ಲಿ ಕೂರಬೇಕೋ ಅಲ್ಲಿ, ಒಂದು ತುಂಡು ಇಲಾಸ್ಟಿಕ್ ಕಟ್ಟಿ. ಈಗ ಮೇಲಿನ ಬಟ್ಟೆಯನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಎಳೆದು, ಕೆಳಗಿನ ಅಂಚು ಸುತ್ತಲೂ ನೆಲದಿಂದ ಒಂದೇ ಎತ್ತರಕ್ಕೆ ಬರುವಂತೆ ಹೊಂದಿಸಿ. ಇನ್ನೊಬ್ಬರು ಉದ್ದ ಸ್ಕೇಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿದರೆ ಒಳ್ಳೆಯದು. ಬಗ್ಗಿ ನೀವೇ ನೋಡಿಕೊಂಡರೆ ಮುಂದಿನ ಅಂಚು ಕೆಳಗಿಳಿದು ಲೆಕ್ಕ ತಪ್ಪುತ್ತದೆ. ಅಂಚು ಸಮವಾದ ಮೇಲೆ ಇಲಾಸ್ಟಿಕ್‌ನ ಕೆಳಅಂಚನ್ನು ಹಿಡಿದು ಸುತ್ತಲೂ ಟೈಲರ್ ಚಾಕ್‌ನಿಂದ ಗುರುತು ಹಾಕಿ. ಫ್ರಾಕು ತೆಗೆದು ನೋಡಿದರೆ ಆ ಗೆರೆ ನೇರವಾಗಿರುವುದಿಲ್ಲ. ಬೆನ್ನಿನ ನಡುವೆ ಅರ್ಧ ಇಂಚು ಕೆಳಗೆ ಹೋಗಿರುವುದು ಸಾಮಾನ್ಯ. ಹೊಟ್ಟೆ ಮುಂದಿದ್ದರೆ ಮುಂಭಾಗದಲ್ಲಿ ಮೇಲೆ ಹೋಗಿರುತ್ತದೆ. ಅದನ್ನು ಸ್ಕೇಲಿಟ್ಟು ನೇರ ಮಾಡಬೇಡಿ. ನಿಮ್ಮ ಮೈಗೆ ಬೇಕಾದ ಗೆರೆ ಅದೇ.

ಇನ್ನೊಂದು ಅಳತೆ: ಸ್ಕರ್ಟು ಹಿಪ್ ದಾಟಿ ಮೇಲೇರಬೇಕು. ಜಿಪ್ ಇಲ್ಲದೆ ಬರೀ ಇಲಾಸ್ಟಿಕ್ ಹಾಕುವುದಾದರೆ ಸೊಂಟದ ಬಾಯಿ ಎಳೆದಾಗ ಹಿಪ್ಪಿಗಿಂತ 2 ಇಂಚಾದರೂ ಹೆಚ್ಚಿರಬೇಕು. ಮುಂದಿನ ಲೆಕ್ಕಕ್ಕೆಲ್ಲ ಸೊಂಟ 32, ಹಿಪ್ 40 ಅಂತ ಇಟ್ಟುಕೊಳ್ಳೋಣ. ಬಾಯಿ 42 ಇಂಚು ಬೇಕು. ನಿಮ್ಮ ಅಳತೆ ಬೇರೆಯಾದರೆ ಅದನ್ನೇ ಹಾಕಿ ಕೂಡಿ ಕಳೆಯಿರಿ.

ಬಿಚ್ಚುವುದು

ಸೊಂಟದಲ್ಲಿ ಹೊಲಿಗೆ ಇರುವ, ಕೆಳಗೆ ನೆರಿಗೆ ಹಿಡಿದ ಫ್ರಾಕು ಅತಿ ಸಾಮಾನ್ಯ, ಅತಿ ಸುಲಭವೂ ಹೌದು. ಅದನ್ನು ಕತ್ತರಿಸುವ ಬದಲು ಬಿಚ್ಚಿ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತ ಹೋಗಿ, ಆಮೇಲೆ ಬಟ್ಟೆ ತಿರುವಿ ಇನ್ನೊಂದು ಬದಿಯ ದಾರವನ್ನು ಎಳೆದರೆ ಗೇಣುದ್ದ ಒಮ್ಮೆಗೇ ಬರುತ್ತದೆ. ಎರಡು ಪದರವನ್ನು ಆಚೆಈಚೆ ಜಗ್ಗಿ ನಡುವೆ ಬ್ಲೇಡು ಆಡಿಸುವ ಅಭ್ಯಾಸ ಹಲವರಿಗಿದೆ. ಹತ್ತು ಸಲ ಸರಿಹೋಗಿ ಹನ್ನೊಂದನೆಯ ಸಲ ಬಟ್ಟೆಯೇ ಸೀಳುತ್ತದೆ. ಅಂಚಿಗೆ ದಾರ ಸುತ್ತುವ ಓವರ್‌ಲಾಕ್ ಹೊಲಿಗೆ ಆಗಿದ್ದರೆ ನೇರವಾಗಿ ಓಡುವ ಸೂಜಿದಾರವನ್ನು ಮೊದಲು ಕತ್ತರಿಸಿ ಎಳೆಯಿರಿ, ಸುತ್ತಿಕೊಂಡ ದಾರ ತಾನಾಗಿ ಕಳಚಿ ಬೀಳುತ್ತದೆ.

ಹತ್ತಿ ಬಟ್ಟೆಯಲ್ಲಿ ಹಳೆ ಸೂಜಿತೂತುಗಳು ಉಳಿದರೆ ನೀರು ಚಿಮುಕಿಸಿ, ಉಗುರಿನಿಂದ ಉದ್ದಕ್ಕೂ ಅಡ್ಡಕ್ಕೂ ಉಜ್ಜಿ ಇಸ್ತ್ರಿ ಮಾಡಿದರೆ ಮುಚ್ಚಿಕೊಳ್ಳುತ್ತವೆ. ರೇಷ್ಮೆ, ಸ್ಯಾಟಿನ್‌ಗಳಲ್ಲಿ ಅವು ಹೋಗುವುದಿಲ್ಲ. ಅಂಥ ಬಟ್ಟೆಯಾದರೆ ಹೊಸ ಹೊಲಿಗೆಯನ್ನು ಹಳೆಯದಕ್ಕಿಂತ ಒಂದು ದಾರದಷ್ಟು ಕೆಳಗೆ ಹಾಕಿ, ತೂತು ಮಾರ್ಜಿನ್ ಒಳಗೆ ಹೋಗಲಿ.

ಲೈನಿಂಗ್ ಇದ್ದರೆ ಅದೂ ಸೊಂಟದಲ್ಲೇ ಬಿಚ್ಚಿಕೊಳ್ಳುತ್ತದೆ. ಈಗಲೇ ಅದನ್ನು ಹಿಪ್ಪಿನ ಜಾಗದಲ್ಲಿ ಅಳೆದು ನೋಡಿ. ಬಟ್ಟೆ ಉಳಿಸಲೆಂದು ಲೈನಿಂಗನ್ನು ಇಕ್ಕಟ್ಟಾಗಿ ಕತ್ತರಿಸಿರುವುದೇ ಹೆಚ್ಚು. ಮೇಲಿನ ಸ್ಕರ್ಟು ಎಷ್ಟೇ ಅಗಲವಿದ್ದರೂ ಕೂತಾಗ ಪಕ್ಕೆಯಲ್ಲಿ ಚರ್ರೆನ್ನುವುದು ಒಳಗಿನ ಲೈನಿಂಗು. ಹಿಪ್ಪಿನಲ್ಲಿ 43-44 ಇಂಚು ಇಲ್ಲದಿದ್ದರೆ ಎರಡೂ ಪಕ್ಕೆಯನ್ನು ಕೆಳಗಿನಿಂದ 12 ಇಂಚು ಸೀಳುಬಿಟ್ಟು, ಮೇಲೆ ಒಂದೊಂದು ಪಟ್ಟಿ ಸೇರಿಸಿ. ಲೈನಿಂಗ್ ಮೇಲ್ಬಟ್ಟೆಗಿಂತ ಒಂದು ಇಂಚು ಗಿಡ್ಡವಿರಲಿ.

ನೆರಿಗೆ ಹಂಚಿ ಪಟ್ಟಿ ಕೂರಿಸುವುದು

ಇಂಥ ಫ್ರಾಕಿನ ಕೆಳಭಾಗ ಬಿಚ್ಚಿ ಹರಡಿದರೆ ಎರಡೂವರೆ ಮೀಟರ್ ಆಸುಪಾಸು, ಅಂದರೆ 98 ಇಂಚು ಘೇರು (ಸುತ್ತಳತೆ) ಇರುತ್ತದೆ ಎನ್ನಿ. ಇಷ್ಟನ್ನೂ ನೇರವಾಗಿ ಮಡಿಚಿ ಇಲಾಸ್ಟಿಕ್ ತೂರಿಸಿದರೆ ಸೊಂಟದ ಸುತ್ತ ಟಯರು ಕಟ್ಟಿದ ಹಾಗಾಗುತ್ತದೆ. ಇಲಾಸ್ಟಿಕ್ ಸೊಂಟದ 32ಕ್ಕಿಂತ 3 ಇಂಚು ಕಡಿಮೆ ಇರುವುದರಿಂದ 98 ಇಂಚು 29ಕ್ಕೆ ಇಳಿಯಬೇಕು, ಮೂರುಪಟ್ಟಿಗಿಂತ ಹೆಚ್ಚು. ತೆಳು ವಾಯಿಲ್ ಬಟ್ಟೆ ಇದನ್ನು ಹೇಗೋ ತಡೆದೀತು, ಸಾಮಾನ್ಯ ಕಾಟನ್ ತಡೆಯುವುದಿಲ್ಲ. ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿ: 98ನ್ನು ನೆರಿಗೆ ಹಿಡಿದು 42ಕ್ಕೆ ತಂದು ಬೇರೆ ಪಟ್ಟಿಗೆ ಹೊಲಿಯುವುದು, ಆ 42ನ್ನು ಇಲಾಸ್ಟಿಕ್ 29ಕ್ಕೆ ಎಳೆದುಕೊಳ್ಳುವುದು. ಪಟ್ಟಿಯಲ್ಲಿ ಸುಕ್ಕು ಹಗುರಾಗಿರುತ್ತದೆ, ನೆರಿಗೆ ಅದರ ಕೆಳಗಿನಿಂದ ಶುರುವಾಗುತ್ತದೆ.

ಪಟ್ಟಿಯ ಬಟ್ಟೆ ಫ್ರಾಕಿನ ಮೇಲ್ಭಾಗದಿಂದ ಬರಬೇಕು. 1 ಇಂಚು ಅಗಲದ ಇಲಾಸ್ಟಿಕ್‌ಗೆ ಪಟ್ಟಿಯ ಅಗಲ ಮೂರೂವರೆ ಇಂಚು: ಇಲಾಸ್ಟಿಕ್ ಆಡಲು ಜಾಗ ಸೇರಿ ಒಂದೂಕಾಲರಂತೆ ಎರಡು ಬದಿ, ಮೇಲೆ ಅರ್ಧರ್ಧ ಇಂಚು ಮಾರ್ಜಿನ್. ಉದ್ದಕ್ಕೆ ಮುಂಭಾಗದಿಂದ 18 ಇಂಚು, ಹಿಂದಿನ ಎರಡು ತುಂಡಿನಿಂದ 9ರಂತೆ 18, ಒಂದು ತೋಳಿನಿಂದ 10. ಒಟ್ಟು 46. ನಾಲ್ಕು ಜೋಡಣೆಗೆ ಒಂದೊಂದು ಇಂಚು ಹೋಗಿ ಬಳೆಯಾದಾಗ ಸರಿಯಾಗಿ 42. ಎಲ್ಲ ತುಂಡುಗಳ ಎಳೆಯೂ ಒಂದೇ ದಿಕ್ಕಿಗಿರಬೇಕು. ಒಂದು ತುಂಡು ಓರೆಯಾದರೂ ಆ ಜಾಗ ಮಾತ್ರ ಹಿಗ್ಗಿ, ಇಲಾಸ್ಟಿಕ್ ಅಲ್ಲೇ ತಿರುಚಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಇಷ್ಟು ಬಟ್ಟೆ ಇಲ್ಲದಿದ್ದರೆ ಒಪ್ಪುವ ಬಣ್ಣದ ಕಾಲು ಮೀಟರ್ ಕಾಟನ್ ತಂದರೆ ಸಾಕು. ಹೇಗೂ ಟಾಪ್ ಇಳಿಬಿಟ್ಟರೆ ಪಟ್ಟಿ ಕಾಣುವುದಿಲ್ಲ.

ಹಿಂದೆ ಜಿಪ್ ಇದ್ದರೆ ತೆಗೆದು ಆ ಸೀಳನ್ನು ನೇರ ಹೊಲಿದುಬಿಡಿ. ನೆರಿಗೆಗೆ ಮಷಿನ್‌ನ ಹೊಲಿಗೆಯನ್ನು ಎಲ್ಲಕ್ಕಿಂತ ಉದ್ದಕ್ಕೆ ಇಟ್ಟು, ಮೇಲಿನ ಟೆನ್ಷನ್ ಸಡಿಲಿಸಿ, ಅಂಚಿನಿಂದ ಕಾಲಿಂಚಿಗೊಂದು ಮುಕ್ಕಾಲು ಇಂಚಿಗೊಂದು ಸಾಲು ಹಾಕಿ. ಎರಡು ಸಾಲು ಯಾಕೆ ಅಂದರೆ, ಒಂದೇ ಸಾಲಾದರೆ ನೆರಿಗೆಗಳು ಒಂದರ ಮೇಲೊಂದು ಹೊರಳಿ ಮಲಗುತ್ತವೆ. ಎರಡಿದ್ದರೆ ಸಾಲಾಗಿ ನಿಲ್ಲುತ್ತವೆ. ಸ್ಕರ್ಟನ್ನೂ ಪಟ್ಟಿಯನ್ನೂ ನಾಲ್ಕು ಪಾಲು ಮಾಡಿ ಗುಂಡುಪಿನ್ನಿನಿಂದ ಗುರುತಿಡಿ. ಸ್ಕರ್ಟಿನ ಇಪ್ಪತ್ನಾಲ್ಕೂವರೆ ಇಂಚಿನ ಒಂದೊಂದು ಪಾಲು ಪಟ್ಟಿಯ ಹತ್ತೂವರೆ ಇಂಚಿಗೆ ಬರಬೇಕು. ಬಾಬಿನ್ (ಕೆಳಗಿನ) ದಾರಗಳನ್ನು ಎಳೆದು ಸರಿದೂಗಿಸಿ, ಎರಡು ಸಾಲುಗಳ ನಡುವೆ ಅರ್ಧ ಇಂಚಿಗೆ ಸರಿಯಾದ ಹೊಲಿಗೆ ಹಾಕಿ, ಆಮೇಲೆ ಕೆಳಗಿನ ಸಾಲನ್ನು ಕಿತ್ತುಹಾಕಿ. ನೆರಿಗೆಯ ಬದಿ ಮೇಲಿರಲಿ, ಪಟ್ಟಿ ಕೆಳಗಿರಲಿ. ಉಲ್ಟಾ ಆದರೆ ನೆರಿಗೆ ಮಷಿನ್ ಹಲ್ಲಿನ ಕಡೆ ಮಡಿಚಿಕೊಂಡು ಹೊಲಿದುಹೋಗುತ್ತದೆ, ಮುಗಿದು ತಿರುವಿದ ಮೇಲೆ ಗೊತ್ತಾಗುತ್ತದೆ. ಇಸ್ತ್ರಿ ಮಾರ್ಜಿನ್ ಮೇಲೆ ಮಾತ್ರ. ನೆರಿಗೆಯ ಮೇಲೆ ಒತ್ತಿದರೆ ಅದು ಮತ್ತೆ ಎದ್ದು ನಿಲ್ಲುವುದಿಲ್ಲ.

ಪಟ್ಟಿಯನ್ನು ಒಳಕ್ಕೆ ಮಡಿಚಿ ಹೊಲಿಯುವಾಗ ಹಿಂಭಾಗದಲ್ಲಿ 2 ಇಂಚು ಬಾಯಿ ಬಿಡಿ. ಇಲಾಸ್ಟಿಕ್ ಕತ್ತರಿಸುವ ಮುನ್ನ ಅದನ್ನೇ ಪರೀಕ್ಷಿಸಿ: 10 ಇಂಚು ಗುರುತು ಮಾಡಿ 18ಕ್ಕೆ ಎಳೆದು ಬಿಡಿ. ಮತ್ತೆ 10ಕ್ಕೆ ಬರದಿದ್ದರೆ ಅದು ತಿಂಗಳೊಪ್ಪತ್ತಿನಲ್ಲಿ ಜೋಲುವ ಮಾಲು. ಸೊಂಟದ ಅಳತೆಯಿಂದ 3 ಇಂಚು ಕಳೆದು, ಒಂದರ ಮೇಲೊಂದು ಕೂರಿಸಿ ಹೊಲಿಯಲು 1 ಇಂಚು ಸೇರಿಸಿದರೆ 30 ಇಂಚಿನ ತುಂಡು. ಮೆತ್ತಗಿನ ಇಲಾಸ್ಟಿಕ್ ಆದರೆ ಇನ್ನೊಂದು ಇಂಚು ಕಡಿಮೆ ಮಾಡಿ. ಸೇಫ್ಟಿ ಪಿನ್ ಸಿಕ್ಕಿಸಿ ತೂರಿಸುವಾಗ ಇನ್ನೊಂದು ತುದಿಯನ್ನು ಬಟ್ಟೆಗೆ ಪಿನ್ ಮಾಡಿಡಿ. ಅದು ಒಳಗೆ ನುಸುಳಿದರೆ ಮೊದಲಿನಿಂದ ಶುರು.

ಹೊಟ್ಟೆಯ ಮೇಲೆ ಸುಕ್ಕು ಬೇಡ ಎನ್ನುವವರು ಮುಂಭಾಗವನ್ನು ಚಪ್ಪಟೆ ಮಾಡಿ ಹಿಂದೆ ಮಾತ್ರ ಇಲಾಸ್ಟಿಕ್ ಹಾಕಬಹುದು. ನೋಡಲು ಇದೇ ಚೆಂದ, ಇನ್‌ಶರ್ಟ್ ಮಾಡಿದರೂ ಒಪ್ಪುತ್ತದೆ. ಪಟ್ಟಿಯ ಮುಂದಿನ 16 ಇಂಚಿಗೆ ಒಳಗೆ ಕ್ಯಾನ್ವಾಸ್ (ಇಸ್ತ್ರಿಗೆ ಅಂಟುವ ಬಿರುಸು ಬಟ್ಟೆ) ಅಂಟಿಸಿ, ಹಿಂದಿನ 26 ಇಂಚಿಗೆ ಹದಿಮೂರೂವರೆ ಇಂಚು ಇಲಾಸ್ಟಿಕ್. ಕತ್ತರಿಸುವಾಗ ಹದಿನಾಲ್ಕೂವರೆ, ಎರಡು ತುದಿಯಲ್ಲಿ ಅರ್ಧರ್ಧ ಇಂಚು ಪಕ್ಕೆಯ ಹೊಲಿಗೆಯ ಮೇಲೆ ಮೂರು ಸಲ ಓಡಿಸಿ ಭದ್ರಪಡಿಸಲು.

ಜಿಪ್ ಉಳಿಸಿಕೊಳ್ಳುವುದಾದರೆ

ಸೊಂಟದ ಹೊಲಿಗೆ ಸರಿಯಾಗಿಯೇ ಕೂತಿದೆ, ಹಿಂದೆ ಜಿಪ್ ಕೂಡ ನೆಟ್ಟಗಿದೆ ಎಂದರೆ ಬಿಚ್ಚುವ ಕೆಲಸವೇ ಇಲ್ಲ. ಸೊಂಟದ ಹೊಲಿಗೆಯಿಂದ ಮೂರೂವರೆ ಇಂಚು ಮೇಲೆ ಕತ್ತರಿಸಿ: ಒಂದೂವರೆ ಹೊರಗೆ ಬೆಲ್ಟಿನಂತೆ ಕಾಣಲು, ಒಂದೂವರೆ ಒಳಕ್ಕೆ ಮಡಿಚಲು, ಅರ್ಧ ಮಾರ್ಜಿನ್.

ಕತ್ತರಿ ಇಡುವ ಮೊದಲು ಜಿಪ್ಪಿನ ರನ್ನರ್ ಎಲ್ಲಿದೆ ನೋಡಿ. ಫ್ರಾಕು ಹ್ಯಾಂಗರಿನಲ್ಲಿದ್ದಾಗ ಜಿಪ್ ಏರಿಸಿಯೇ ಇರುತ್ತದೆ. ಹಾಗೇ ಕತ್ತರಿಸಿದರೆ ರನ್ನರ್ ಮೇಲ್ಭಾಗದ ಜೊತೆ ಹೋಗಿ, ಸ್ಕರ್ಟಿನಲ್ಲಿ ಬರೀ ಹಲ್ಲುಗಳು ಬಾಯಿ ತೆರೆದು ಕೂರುತ್ತವೆ. ರನ್ನರನ್ನು ಸೊಂಟದ ಹೊಲಿಗೆಗಿಂತ 3 ಇಂಚು ಕೆಳಕ್ಕೆ ಇಳಿಸಿ, ಅದರ ಮೇಲೆ ಹಲ್ಲುಗಳಿಗೆ ಅಡ್ಡಲಾಗಿ ಸೇಫ್ಟಿ ಪಿನ್ ಚುಚ್ಚಿಡಿ. ಬೆಲ್ಟು ಮಡಿಚುವ ಗೆರೆಯವರೆಗೆ ಜಿಪ್ಪನ್ನು ಬಟ್ಟೆಯಿಂದ ಬಿಚ್ಚಿ, ಅದಕ್ಕಿಂತ ಅರ್ಧ ಇಂಚು ಮೇಲೆ ಕತ್ತರಿಸಿ, ಟೇಪಿನ ತುದಿಗಳನ್ನು ಬೆಲ್ಟಿನ ಒಳಗೆ ಮಡಿಚಿ ಹೊಲಿಯಿರಿ. ಮೇಲ್ತುದಿಯ ಹಲ್ಲಿನ ಮೇಲೆ ಕೈಯಿಂದ ಏಳೆಂಟು ಸುತ್ತು ದಾರ ಹಾಕಿದರೆ ರನ್ನರ್ ಹಾರಿಹೋಗುವುದಿಲ್ಲ. ಲೋಹದ ಹಲ್ಲಾದರೆ ಮಡಿಕೆಗೆ ಬರುವ ಮೂರ್ನಾಲ್ಕು ಹಲ್ಲನ್ನು ಇಕ್ಕಳದಿಂದ ಕಿತ್ತುಬಿಡಿ. ಅದರ ಮೇಲೆ ಸೂಜಿ ಓಡಿಸಿದರೆ ಮುರಿಯುವುದು ಸೂಜಿಯೇ. ಮೇಲೊಂದು ಹುಕ್ಕು.

ಈ ವಿಧಾನದಲ್ಲಿ ಬೆಲ್ಟು ಸುಕ್ಕಾಗುವುದಕ್ಕೆ ಒಂದೇ ಕಾರಣ. ಮೇಲ್ಭಾಗ ಸೊಂಟದಿಂದ ಎದೆಯ ಕಡೆಗೆ ಅಗಲವಾಗುತ್ತ ಹೋಗುತ್ತದಲ್ಲ, ಮೂರಿಂಚು ಮೇಲೆ ಸುತ್ತಳತೆ ಸೊಂಟಕ್ಕಿಂತ ಒಂದೂವರೆ ಎರಡು ಇಂಚು ಹೆಚ್ಚಿರುತ್ತದೆ. ಅದನ್ನು ಒಳಕ್ಕೆ ಮಡಿಚಿದಾಗ ಒಳಪದರ ಹೊರಪದರಕ್ಕಿಂತ ದೊಡ್ಡದಾಗಿ ಗಂಟುಗಂಟಾಗುತ್ತದೆ. ಮಡಿಚುವ ಮೊದಲು ಎರಡೂ ಪಕ್ಕೆಯ ಹೊಲಿಗೆ ಮತ್ತು ಟಕ್ಸ್‌ಗಳನ್ನು ಸೊಂಟದ ಗೆರೆಯಿಂದ ನೆಟ್ಟಗೆ ಮೇಲಕ್ಕೆ ಓಡುವಂತೆ ಮತ್ತೆ ಹೊಲಿಯಿರಿ. ಮೇಲೂ ಕೆಳಗೂ ಒಂದೇ ಅಳತೆ ಬಂದ ಮೇಲೆ ಒಂದೂವರೆ ಇಂಚು ಅಗಲದ ಕ್ಯಾನ್ವಾಸ್ ಇಸ್ತ್ರಿಯಿಂದ ಅಂಟಿಸಿ ಮಡಿಚಿ.

ಅಂಬ್ರೆಲಾ ಕಟ್, ಎ-ಲೈನ್

ಅಂಬ್ರೆಲಾ ಫ್ರಾಕಿನಲ್ಲಿ ನೆರಿಗೆ ಇರುವುದಿಲ್ಲ, ಬಾಯಿ ದೊಡ್ಡದು ಮಾಡಲು ಬಟ್ಟೆಯನ್ನೇ ಕೆಳಗೆ ಕತ್ತರಿಸಬೇಕು. ಎಷ್ಟು ಕೆಳಗೆ? ಪೂರ್ತಿ ವೃತ್ತದ ಕಟ್ ಆದರೆ ಒಂದು ಇಂಚು ಕೆಳಗೆ ಹೋದಂತೆ ಸುತ್ತಳತೆ 6 ಇಂಚಿಗೂ ತುಸು ಹೆಚ್ಚು ಬೆಳೆಯುತ್ತದೆ. ಅರ್ಧ ವೃತ್ತವಾದರೆ 3 ಇಂಚಿಗೂ ತುಸು ಹೆಚ್ಚು. ಸೊಂಟದ ಹೊಲಿಗೆಯಲ್ಲಿ 32 ಇರುವ ಪೂರ್ತಿ ಅಂಬ್ರೆಲಾಗೆ 42 ಬೇಕೆಂದರೆ ಒಂದೂವರೆ ಇಂಚಿಗಿಂತ ಒಂದು ಎಳೆ ಕೆಳಗೆ ಹೊಸ ಹೊಲಿಗೆಗೆರೆ ಬರಬೇಕು. ಅದರ ಮೇಲೆ ಅರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿ. ಕಣ್ಣಂದಾಜಿನಲ್ಲಿ ಮೂರು ಇಂಚು ಇಳಿಸಿದರೆ ಬಾಯಿ 50 ದಾಟಿ, ಹೋದ ಬಟ್ಟೆ ಮರಳಿ ಬರುವುದಿಲ್ಲ.

ಕತ್ತರಿಸಿದ ಕೂಡಲೇ ಅಂಚಿನಿಂದ ಕಾಲಿಂಚಿಗೆ ಸುತ್ತಲೂ ಒಂದು ನೇರ ಹೊಲಿಗೆ ಓಡಿಸಿ, ಬಟ್ಟೆ ಎತ್ತಿ ಆಡುವ ಮೊದಲೇ. ವೃತ್ತದ ಬಾಯಲ್ಲಿ ನಾಲ್ಕು ಕಡೆ ಎಳೆ ಓರೆಯಾಗಿದ್ದು, ಸ್ಕರ್ಟಿನ ಭಾರಕ್ಕೇ ಅದು ಹಿಗ್ಗುತ್ತದೆ. ಪಟ್ಟಿ ಕೂರಿಸಿದ ಮೇಲೆ ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿ, ಓರೆ ಜಾಗಗಳು ಇಳಿದು ನಿಂತ ಮೇಲೆ ಅಂಚು ಸಮ ಮಾಡಿ.

ಸೊಂಟದಲ್ಲಿ ಹೊಲಿಗೆಯೇ ಇಲ್ಲದ ಎ-ಲೈನ್ ಫ್ರಾಕಿಗೆ ಮೊದಲು ಹಾಕಿದ ಚಾಕ್ ಗೆರೆಯೇ ಆಧಾರ. ಗೆರೆಯಿಂದ ಒಂದೂಮುಕ್ಕಾಲು ಇಂಚು ಮೇಲೆ ಕತ್ತರಿಸಿ, ಅದನ್ನೇ ಮಡಿಚಿ ಇಲಾಸ್ಟಿಕ್‌ಗೆ ದಾರಿ ಮಾಡಬಹುದು. ಬಾಯಿ ಸಾಲದಿದ್ದರೆ ಸೊಂಟದಲ್ಲಿ ಮೀನಿನಾಕಾರಕ್ಕೆ ಹಿಡಿದ ಟಕ್ಸ್ ಬಿಚ್ಚಿ. ಒಂದಿಂಚಿನ ನಾಲ್ಕು ಟಕ್ಸ್ ಇದ್ದರೆ ನಾಲ್ಕು ಇಂಚು ಪುಕ್ಕಟೆ ಸಿಕ್ಕಿತು.

ಉದ್ದ ಸಾಲದಿದ್ದರೆ, ಅಂಚು ಇದ್ದರೆ

ಗಿಡ್ಡವಾದದ್ದಕ್ಕೆ ಕೆಳಗೊಂದು ಫ್ರಿಲ್ ಒಳ್ಳೆಯ ಉಪಾಯ. ಘೇರಿನ ಒಂದೂವರೆಪಟ್ಟು ಉದ್ದ ಬೇಕು, 98ಕ್ಕೆ 147 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಮೂರು ಪಟ್ಟಿ ಸಾಲುವುದಿಲ್ಲ, ನಾಲ್ಕು ಬೇಕು. 6 ಇಂಚಿನ ಫ್ರಿಲ್‌ಗೆ ಮಾರ್ಜಿನ್ ಸೇರಿ 7 ಇಂಚಿನ ಪಟ್ಟಿ, ನಾಲ್ಕಕ್ಕೆ 28 ಇಂಚು. ಮುಕ್ಕಾಲು ಮೀಟರ್ ತಂದರೆ ಒಂದೂವರೆ ಇಂಚು ಮಿಗುತ್ತದೆ.

ಇಳಕಲ್ ಸೀರೆಯಿಂದಲೋ ಅಂಚಿರುವ ಬೇರೆ ಕೈಮಗ್ಗದ ಸೀರೆಯಿಂದಲೋ ಹೊಲಿದ ಫ್ರಾಕಾದರೆ ಕೆಳಗಿನ ಅಂಚಿಗೆ ಕೈ ಹಚ್ಚಲೇಬಾರದು. ಏರಿಸುವುದು ಇಳಿಸುವುದು ಎಲ್ಲ ಸೊಂಟದ ಕಡೆಯಿಂದಲೇ. ಇಳಕಲ್ಲಿನ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ, ಎರಡರ ಹಾಸುಗಳನ್ನು (ಉದ್ದದ ಎಳೆಗಳನ್ನು) ಕೊಂಡಿ ಹಾಕಿ ಕೂಡಿಸಿ ನೇಯ್ದಿರುತ್ತಾರೆ. ಆ ಕೂಡುಗೆರೆ ಸೊಂಟದ ಪಟ್ಟಿಯೊಳಗೋ ಜೇಬಿನ ಬಾಯಿಗೋ ಬರದಂತೆ ನೋಡಿಕೊಳ್ಳಿ. ದಿನಾ ಎಳೆತ ಬೀಳುವ ಜಾಗದಲ್ಲಿ ಅದು ಬಾಳುವುದಿಲ್ಲ. ಹಗುರ ಬಟ್ಟೆಯ ನೇರ ಘೇರಿಗೆ ಒಳಗಿನಿಂದ ಸೀರೆ ಫಾಲ್ ಹಚ್ಚಿದರೆ ಕಾಲಿಗೆ ಸುತ್ತಿಕೊಳ್ಳದೆ ಭಾರವಾಗಿ ಬೀಳುತ್ತದೆ. ಫಾಲನ್ನು ಮೊದಲು ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಅಂಚನ್ನು ಎಳೆಯುತ್ತದೆ. ಅಂಬ್ರೆಲಾಗೆ ಫಾಲ್ ಬೇಡ. ನೇರ ಪಟ್ಟಿ ಬಾಗಿದ ಅಂಚಿಗೆ ಕೂರುವುದಿಲ್ಲ, ಅದಕ್ಕೆ ಅರ್ಧ ಇಂಚಿನ ಸಣ್ಣ ಮಡಿಕೆಯೇ ಸರಿ. (ಇಲಾಸ್ಟಿಕ್ ಬದಲು ಲಾಡಿ ಹಾಕಿದರೂ ಆಗುತ್ತದೆ. ಆಗ ಅದಕ್ಕೆ ಸ್ಕರ್ಟ್ ಅನ್ನುವ ಬಿಂಕ ಬೇಡ, ಲಂಗವೇ.)

ಉಳಿದ ತೋಳಿನಿಂದ ಜೇಬು. 12 ಇಂಚು ಉದ್ದ, 7 ಇಂಚು ಅಗಲದ ಎರಡು ತುಂಡು ಬಂದರೆ ಒಂದು ಜೇಬಾಯಿತು. ಪಟ್ಟಿ ಕೂರಿಸುವ ಮೊದಲೇ ಪಕ್ಕೆಯ ಹೊಲಿಗೆಯಲ್ಲಿ, ಸೊಂಟದಿಂದ ಮೂರು ಇಂಚು ಕೆಳಗೆ 6 ಇಂಚು ಬಿಚ್ಚಿ ಹೊಲಿಯಿರಿ. ಚೀಲದ ಮೇಲ್ತುದಿ ಸೊಂಟದ ಹೊಲಿಗೆಯೊಳಗೆ ಸಿಕ್ಕಿಕೊಂಡಿರಲಿ, ಫೋನು ಹಾಕಿದಾಗ ಪಕ್ಕೆ ಜೋಲದೆ ಭಾರ ಪಟ್ಟಿಗೆ ಬೀಳುತ್ತದೆ.

ಎಲ್ಲ ಆದಮೇಲೂ ಇಲಾಸ್ಟಿಕ್ ತೂರಿಸಿದ ಆ ಎರಡು ಇಂಚು ಬಾಯನ್ನು ಕೂಡಲೇ ಹೊಲಿಯಬೇಡಿ. ಸೇಫ್ಟಿ ಪಿನ್ ಹಾಕಿ ಅರ್ಧ ದಿನ ಮನೆಯಲ್ಲೇ ತೊಟ್ಟಿರಿ. ನೆಲದ ಮೇಲೆ ಕೂರಿ, ಬಗ್ಗಿ, ಮೆಟ್ಟಿಲು ಹತ್ತಿ, ಊಟ ಮಾಡಿ ಎದ್ದು ನೋಡಿ. ಸೊಂಟದಲ್ಲಿ ಕೆಂಪು ಗೆರೆ ಬಿದ್ದಿದ್ದರೆ ಇಲಾಸ್ಟಿಕ್ ಒಂದು ಇಂಚು ಬಿಡಿ, ನಡೆಯುವಾಗ ಜಾರಿದ್ದರೆ ಒಂದು ಇಂಚು ಎಳೆಯಿರಿ. ಆಮೇಲೆ ಬಾಯಿ ಹೊಲಿದು, ಎರಡೂ ಪಕ್ಕೆಯ ಜೋಡಣೆಯ ಮೇಲೆ ಇಲಾಸ್ಟಿಕ್ ಸಮೇತ ಮೇಲಿನಿಂದ ಕೆಳಕ್ಕೆ ಒಂದೊಂದು ಹೊಲಿಗೆ ಹಾಕಿ. ಒಗೆದಾಗ ಅದು ಒಳಗೆ ಮಗುಚಿಕೊಳ್ಳುವುದಿಲ್ಲ.